ಬೆರಳುಗಳಿಗೆ ಹಾಕಿದ ಹನ್ನೊಂದು ಹೊಲಿಗೆ

“ಮುಷ್ಟಿ ಬಿಡಿಸಿ!”

ಆಗತಾನೇ ಒಳಗೆ ಬಂದ ಯುವಕ ಬಿಡಿಸಿದ. ನಾಲ್ಕೂ ಬೆರಳುಗಳ ಒಳಬದಿಗೆ ಒಂದೇ ಗೆರೆ ಎಳೆದಂಥ ಗಾಯ...

ನರ್ಸಮ್ಮ ಅದರ ಮೇಲೆ ಬಗ್ಗಿದಳು. ಚರ್ಚಿನ ಹಿಂದಿನ ಈ ಪುಟ್ಟ ದವಾಖಾನೆಯಲ್ಲಿ ಆರು ವರ್ಷದಿಂದ ಗಾಯ ಹೊಲಿಯುತ್ತಿದ್ದಳು. ಚುಚ್ಚುವಾಗ ಹಿಡಿ ಜಾರಿದರೆ ಚುಚ್ಚಿದವನ ಬೆರಳೇ ಹೀಗೆ ಸೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹೊಟ್ಟೆಗೆ ಇರಿತ ಬಿದ್ದ ಅವಳ ಒಬ್ಬನೇ ತಮ್ಮನನ್ನು ದೊಡ್ಡಾಸ್ಪತ್ರೆಗೆ ಕಳಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಆಂಬುಲೆನ್ಸಿನಲ್ಲಿ ಒಬ್ಬರಿಗೇ ಜಾಗ. ಅಮ್ಮ ಹತ್ತಿದ್ದರು.

“ಎಲ್ಲಾಯ್ತು ಇದು?”

“ಮಾರ್ಕೆಟ್ ಹಿಂದೆ.”

ತಮ್ಮ ಬಿದ್ದಿದ್ದೂ ಅಲ್ಲೇ!

“ಹೇಗಾಯ್ತು?”

ಅವನು ತಲೆ ತಗ್ಗಿಸಿದ.

ಇವನೇ... ದೇವರೇ, ಇವನೇ!

ಕರೆಂಟ್ ಇರಲಿಲ್ಲ. ಟಾರ್ಚ್ ಹಿಡಿದಿದ್ದ ಪಾಸ್ಟರ್ ಮೆಲ್ಲನೆ ಅಂದರು, “ಮಗಳೇ, ಆಗದಿದ್ರೆ ಬೇರೆ ಕಡೆ ಕಳಿಸೋಣ.”

“ಎಲ್ಲಿಗೆ ಕಳಿಸ್ತೀರಿ? ಭಾನುವಾರ ಬೋಧನೆ ಮಾಡೋರು ನೀವು, ಹೊಲಿಯೋಳು ನಾನು! ಟಾರ್ಚ್ ನೆಟ್ಟಗೆ ಹಿಡೀರಿ. ರಕ್ತ ನೋಡ್ಬೇಡಿ, ಬಿದ್ದೋಗ್ತೀರಿ.”

ಶತ್ರುವನ್ನು ಪ್ರೀತಿಸು ಅಂದೆಯಲ್ಲ ಯೇಸಪ್ಪಾ... ನನ್ನಿಂದ ಆಗಲ್ಲ. ಹೊಲಿಗೆ ಹಾಕ್ತೀನಿ, ಅಷ್ಟೇ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾದಳು. ಆಮೇಲೆ ಒಂದೊಂದಾಗಿ ಹನ್ನೊಂದು ಹೊಲಿಗೆ. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಎರಡು ದಿನಕ್ಕೊಮ್ಮೆ ಅವನು ಡ್ರೆಸ್ಸಿಂಗಿಗೆ ಬರುತ್ತಿದ್ದ. ಪಕ್ಕದ ಬೀದಿಯಲ್ಲಿ ಕಟಿಂಗ್ ಶಾಪ್ ಇಟ್ಟವನಂತೆ.

“ನಿಮ್ಮ ತಮ್ಮ ಹೇಗಿದ್ದಾರೆ?”

ಪ್ರತಿ ಸಲ ಅದೊಂದೇ ಪ್ರಶ್ನೆ. ಅವಳು ಬ್ಯಾಂಡೇಜ್ ಸುತ್ತಿ ಕಳಿಸುತ್ತಿದ್ದಳು. ಅವನು ತಡಮಾಡಿದ ದಿನ ಮಾತ್ರ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಥೂ, ನನಗೇನಾಗಿದೆ!

ಹತ್ತನೇ ದಿನ ಆಸ್ಪತ್ರೆಯಲ್ಲಿ ತಮ್ಮ ಮಾತಾಡಿದ.

“ಅಕ್ಕಾ, ಆ ಕಟಿಂಗ್ ಶಾಪಿನವನ ಕೈ ಹೇಗಿದೆ?”

“ಅವನ ಕೈ ಕಟ್ಕೊಂಡು ನಿಂಗೇನೋ?”

“ಬರೀ ಕೈಯಲ್ಲಿ ಚೂರಿ ಹಿಡಿದು ತಡೆದ ಅಕ್ಕಾ. ಇಲ್ಲಾಂದ್ರೆ ಎರಡನೇ ಏಟು ನನ್ನ ಎದೆಗೇ.”

“ಮತ್ತೆ... ಚುಚ್ಚಿದ್ದು?”

“ಅವನ ಅಣ್ಣ. ನಮ್ಮ ಬೀದಿಗೂ ಅವರ ಬೀದಿಗೂ ಹಳೇ ಜಗಳ ಅಲ್ವಾ.”

ಅವಳು ಕಟಿಂಗ್ ಶಾಪಿಗೆ ಓಡಿದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಬಲಗೈಗೆ ಕತ್ತರಿ ಸಿಕ್ಕಿಸಿಕೊಳ್ಳಲು ಹೆಣಗುತ್ತಿದ್ದ. ಎರಡು ಬೆರಳು ಮಡಚುತ್ತಲೇ ಇರಲಿಲ್ಲ.

“ಯಾಕೆ ಹೇಳ್ಲಿಲ್ಲ ನೀವು?”

“ಹೇಳಿದ್ರೆ ಸಂಜೆಯೊಳಗೆ ನಿಮ್ಮ ಬೀದಿಯೋರು ಅಣ್ಣನ್ನ ಮುಗಿಸ್ತಿದ್ರು. ಆಮೇಲೆ ನಮ್ಮೋರು ಇನ್ಯಾರನ್ನೋ...” ಅವನು ಕತ್ತರಿ ಕೆಳಗಿಟ್ಟ. “ಚುಚ್ಚಿದ್ದು ನಾನೇ ಅಂದ್ಕೊಂಡಿದ್ರಿ, ಅಲ್ವಾ? ಆದ್ರೂ ನೋಯದ ಹಾಗೆ ಹೊಲಿದ್ರಿ. ನಾನು ಅವತ್ತೇ ಸೋತೋದೆ.”

“ಅದು ಪ್ರೀತಿ ಆಗಿರ್ಲಿಲ್ಲ. ಸಿಟ್ಟಿತ್ತು. ಯೇಸಪ್ಪನ ಮೇಲೂ!”

“ಈಗ?”

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಎರಡು ಮತ್ತೆ ಸೆಟೆದು ನಿಂತವು.

“ಈಗ... ನೀವು ಬರದಿದ್ರೆ ಕೆಲಸದಲ್ಲಿ ಮನಸ್ಸು ನಿಲ್ಲಲ್ಲ.”

ಅವನು ಎಡಗೈಯಿಂದ ಅವಳ ಕೈ ಹಿಡಿದುಕೊಂಡ.

“ನಮ್ಮ ಮದುವೆ ಅಂತಾದ್ರೆ ಅಣ್ಣ ಬರ್ತಾನೆ,” ಅಂದ ಅವನು.

“ಚೂರಿ ಇಟ್ಕೊಂಡಾ?”

“ಗೊತ್ತಿಲ್ಲ. ಅವನನ್ನ ತಿದ್ದೋಕೆ ನನ್ನಿಂದ ಆಗ್ಲಿಲ್ಲ.”

“ನನ್ನಿಂದಲೂ ಆಗಲ್ಲ. ಆದ್ರೂ ಬರ್ಲಿ... ನಮ್ಮಮ್ಮನ ಪಕ್ಕ ಕೂರಿಸೋಣ.”

“ಭಯ ಆಗಲ್ವಾ?”

“ತುಂಬಾ ಆಗುತ್ತೆ,” ಅನ್ನುತ್ತಾ ಅವನ ಭುಜಕ್ಕೆ ತಲೆಯಾನಿಸಿದಳು. “ನಿಮಗೆ?”

“ನಂಗೂ...”