ಗಂಗಹನುಮಕ್ಕನ ದಿಂಬು

ಹೃದಯದ ತೊಂದರೆ ಇರುವವರ ಮಣಿಕಟ್ಟಿಗೆ ನಾಡಿ ಅಳೆಯುವ ಪಟ್ಟಿ ಕಟ್ಟಿಸಿ, ಅವರ ನಾಡಿಯನ್ನು ನಾಗಸಂದ್ರದ ಕಚೇರಿಯಿಂದಲೇ ಗಮನಿಸುವುದು ನನ್ನ ಕೆಲಸ. ಚಿಕ್ಕಬಾಣಾವರದ ಗಂಗಹನುಮಕ್ಕ ತೀರಿಕೊಂಡ ಮೇಲೂ ಅವರ ಪಟ್ಟಿಯಿಂದ ನಾಡಿ ಬರುತ್ತಲೇ ಇತ್ತು. ಗಂಡ ಬೈಲಪ್ಪನವರು ಕಟ್ಟಿಕೊಂಡಿರಬೇಕು ಅಂದುಕೊಂಡು, ಅದನ್ನು ವಾಪಸು ತರಲು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ.

ಅವರ ಕೈ ಬರಿದಾಗಿತ್ತು. ಒಳಕೋಣೆಗೆ ಕರೆದೊಯ್ದು ಮಂಚ ತೋರಿಸಿದರು. ಹೆಂಡತಿಯ ದಿಂಬಿನ ಮೇಲೆ ಪಟ್ಟಿ ಇತ್ತು, ಅದರ ಹಸಿರು ದೀಪ ಮಿನುಗುತ್ತಿತ್ತು.

"ಚಾರ್ಜ್ ಯಾರು ಹಾಕ್ತಾರೆ ತಾತ?"

"ಅದೆಲ್ಲ ನಂಗೊತ್ತಿಲ್ಲ ಕಣವ್ವ."

ಪಟ್ಟಿಯನ್ನು ಎತ್ತಿಕೊಂಡೆ. ಒಳಬದಿ ಬೆವರಿನಿಂದ ಒದ್ದೆಯಾಗಿತ್ತು. ದಿಂಬಿನಲ್ಲಿ ತಲೆಯಿಟ್ಟ ತಗ್ಗು ಇತ್ತು, ಮುಟ್ಟಿದರೆ ಬೆಚ್ಚಗಿತ್ತು.

"ತಕ್ಕೊಂಡೋಗ್ಬೇಡ," ಎಂದರು ಬೈಲಪ್ಪ. "ನಂಗೆ ಫೋನು ನೋಡಾಕ್ ಬರಲ್ಲ. ಇವತ್ತು ಎಂಗವಳೆ ಅಂತ ನೀನೇ ನೋಡವ್ವ."

ನನ್ನ ಫೋನು ತೆರೆದೆ. ನಾಡಿ ಒಂದೇ ಸಮನೆ ಇಳಿಯುತ್ತಿತ್ತು, ಆಕೆ ತೀರಿಕೊಂಡ ದಿನ ಇಳಿದ ಹಾಗೆಯೇ.

"ಚೆನ್ನಾಗಿದ್ದಾರೆ ತಾತ," ಎಂದು ಹೇಳಿ ಪಟ್ಟಿಯನ್ನು ದಿಂಬಿನ ಮೇಲೆಯೇ ಇಟ್ಟೆ.

ಅವರು ಮಂಚದ ಅಂಚಿಗೆ ಕೂತು, ಯಾರದೋ ಕೈ ಹಿಡಿದವರಂತೆ ಹಾಸಿಗೆಯ ಮೇಲೆ ಅಂಗೈ ಇಟ್ಟರು. ಫೋನಿನಲ್ಲಿ ನಾಡಿ ಇಳಿಯುವುದು ನಿಂತಿತು; ಅವರು ಕೈ ತೆಗೆಯುವವರೆಗೂ ಅದು ಮತ್ತೆ ಇಳಿಯಲಿಲ್ಲ.