ದುವಾರ್ತೆಗೆ ಹೆಸರಿಟ್ಟ ಭಾನುವಾರ

ಗಾಸ್ಪರ್ ಹಿಂದೆಮುಂದೆ ನೋಡದೆ "ಆಗ್ಲಿ, ನಾನೇ ನಿಲ್ತೀನಿ" ಅಂದುಬಿಟ್ಟ. ಅಂದವನು ನನ್ನ ಕಡೆ ತಿರುಗಿ ನಕ್ಕ ಬೇರೆ. ನನ್ನ ಎದೆ ಧಸಕ್ಕೆಂದಿತು.

ಅಕ್ಕ ಫಿಲೊಮೆನಾಗೆ ಗಂಡು ಮಗು ಹುಟ್ಟಿತ್ತು. ದೀಕ್ಷಾಸ್ನಾನದ ದಿನ ಅದನ್ನು ಎತ್ತಿಕೊಂಡು ನಿಲ್ಲುವ ಧರ್ಮತಾಯಿ ನಾನೇ ಅನ್ನುವುದು ಅವಳ ಹೊಟ್ಟೆ ಕಾಣಿಸುವ ಮೊದಲೇ ತೀರ್ಮಾನವಾಗಿತ್ತು. ಧರ್ಮತಂದೆಯಾಗಲು ಭಾವ ಅಡೆರೀತು ತನ್ನ ದೋಣಿಯ ಎಂಜಿನ್ ರಿಪೇರಿ ಮಾಡುವ ಗಾಸ್ಪರನನ್ನೇ ಕೇಳಿದ್ದ. ಊರಲ್ಲಿ ಬೇರೆ ಗಂಡಸರೇ ಇರಲಿಲ್ಲವೇನೋ!

ನಮ್ಮ ಮೀನುಗಾರರ ಊರು ಪೆನೀಶಿನಲ್ಲಿ ಒಂದು ನಂಬಿಕೆಯಿದೆ. ದೀಕ್ಷಾಸ್ನಾನದಲ್ಲಿ ಒಂದೇ ಮಗುವನ್ನು ಹಿಡಿದು ನಿಂತ ಗಂಡು ಹೆಣ್ಣು ಅವತ್ತಿನಿಂದ ಅಣ್ಣ ತಂಗಿ. ಅವರಿಗೆ ಮದುವೆಯ ಮಾತಿಲ್ಲ. ಪಾದ್ರಿಗಳು ಇದನ್ನು ಕೇಳಿ ನಗುತ್ತಾರೆ. ನಗಲಿ, ಅವರಿಗೇನು? ಚಿಕ್ಕಮ್ಮ ಬಲ್ಬೀನಾ ತಾನು ಇಷ್ಟಪಟ್ಟವನ ಜೊತೆ ಹೀಗೇ ಒಂದು ಮಗುವಿಗೆ ನಿಂತಿದ್ದಳು. ಇವತ್ತಿಗೂ ಅವನು ಎದುರುಮನೆಯ ಕಿಟಕಿಯಿಂದ "ಎದ್ಯಾ ತಂಗೀ?" ಅನ್ನುತ್ತಾನೆ. ಇವಳು "ಎದ್ದೆ ಅಣ್ಣಾ" ಅನ್ನುತ್ತಾಳೆ. ಇಬ್ಬರೂ ಒಂಟಿ.

ಗಾಸ್ಪರ್ ದೂರದ ಬೆಟ್ಟದ ಸೀಮೆಯವನು, ಬ್ರಗಾನ್ಸದ ಕಡೆಯವನು. ಅವನಿಗೆ ಇದೆಲ್ಲ ಏನು ಗೊತ್ತು? ದಿನಾ ಬೆಳಿಗ್ಗೆ ನಾನು ಕೆಲಸ ಮಾಡುವ ಬೇಕರಿಗೆ ಬರುತ್ತಾನೆ, ಒಂದು ಕಾಫಿಯನ್ನು ಆರಿಹೋಗುವ ತನಕ ಕುಡಿಯುತ್ತಾನೆ. ಬೆರಳಿನ ಗ್ರೀಸ್ ಒರೆಸಿಕೊಳ್ಳುತ್ತಾ ಗೋಡೆಯ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿರುತ್ತಾನೆ. ನಾನು ನೋಡಿದರೆ ಸಕ್ಕರೆ ಪೊಟ್ಟಣದ ಮೇಲಿರುವುದನ್ನು ಓದುತ್ತಾನೆ. ಅಷ್ಟೇ. ಬಾಯಿಬಿಟ್ಟು ಅವನೂ ಏನೂ ಹೇಳಿಲ್ಲ, ನಾನೂ ಹೇಳಿಲ್ಲ.

ಈಗ "ನಿಲ್ಲಬೇಡ" ಅಂದರೆ "ಯಾಕೆ" ಅನ್ನುತ್ತಾನೆ. ನಿನ್ನನ್ನು ಮದುವೆಯಾಗುವ ಆಸೆ ನನಗೆ ಅಂತ ಹೇಳಲೇ? ಅವನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲದಿದ್ದರೆ ಮುಖ ಎಲ್ಲಿಟ್ಟುಕೊಳ್ಳಲಿ! ನಾನೇ ಹಿಂದೆ ಸರಿಯೋಣವೆಂದರೆ, ಮಗುವಿಗೆ ನಿಲ್ಲಲು ಕರೆದಾಗ ಒಲ್ಲೆ ಅಂದವರನ್ನು ನಮ್ಮಲ್ಲಿ ಯಾರೂ ಮಾತಾಡಿಸುವುದಿಲ್ಲ. ಅಕ್ಕನನ್ನು ಕಳೆದುಕೊಂಡು ನಾನು ಬದುಕಲಾರೆ.

ಉಳಿದದ್ದು ಒಂದೇ ದಾರಿ. ಭಾವನ ಮನೆತನದಲ್ಲಿ ಮಗುವಿಗೆ ಹೆಸರು ಕೊಡುವವನು ಧರ್ಮತಂದೆ. ಅದು ನಮ್ಮ ದೇಶ ಆಳಿದ ರಾಜನೊಬ್ಬನ ಹೆಸರೇ ಆಗಬೇಕೆಂದು ಅಕ್ಕನ ಅತ್ತೆ ದೋನಾ ಪರ್ಪೆತುವಾ ಕಟ್ಟುನಿಟ್ಟು ಮಾಡಿದ್ದರು. ಮಗುವನ್ನು ಎತ್ತಿಕೊಂಡು ಎಲ್ಲರೆದುರು ಆ ಹೆಸರು ಹೇಳಿದರೆ ಮುಗಿಯಿತು, ಇಬ್ಬರೂ ಮಾತು ಕೊಟ್ಟ ಹಾಗೆ. ಹೆಸರೇ ಸಿಗದಿದ್ದರೆ?

"ಲುಸೀಲಿಯಾ, ಸ್ವಲ್ಪ ಸಹಾಯ ಮಾಡು ಮಾರಾಯ್ತಿ" ಎಂದು ಮರುದಿನ ಅವನೇ ಬಂದ. "ಭಾನುವಾರದ ಊಟಕ್ಕೆ ಹೆಸರು ಬೇಕಂತೆ. ಅಫೋನ್ಸು ಹೇಗೆ?"

"ಬೀದಿಗಿಳಿದು ಕೂಗಿ ನೋಡು. ಅರ್ಧ ಬಂದರು ತಿರುಗಿ ನೋಡುತ್ತೆ."

"ಸಾಂಚು?"

"ಒಡಹುಟ್ಟಿದ ತಮ್ಮನೇ ಸಿಂಹಾಸನ ಕಿತ್ಕೊಂಡ. ನಾಳೆ ಇವನಿಗೊಬ್ಬ ತಮ್ಮ ಹುಟ್ಟಿದ್ರೆ?"

"ಸೆಬಾಸ್ತಿಯಾಂವ್?"

"ಅಯ್ಯೋ, ಬಿಡ್ತು ಅನ್ನು! ಹಡಗು ಹತ್ತಿ ಯುದ್ಧಕ್ಕೆ ಹೋದವನು ವಾಪಸ್ಸೇ ಬರ್ಲಿಲ್ಲ. ಸಮುದ್ರಕ್ಕೆ ಹೋಗೋರ ಮನೇಲಿ ಆ ಹೆಸರಾ?"

"ಪೆದ್ರು?"

"ಅವನು ಪ್ರೀತಿಸಿದವಳನ್ನ ಕೊಲ್ಲಿಸಿಬಿಟ್ರು. ಸತ್ತ ಮೇಲೆ ಅವಳ ತಲೆಗೆ ಕಿರೀಟ ಇಟ್ನಂತೆ. ಏನು ಬಂತು? ಹೇಳೋದನ್ನ ಬದುಕಿದ್ದಾಗ ಹೇಳ್ಬೇಕಪ್ಪ."

ಹೇಳಿ ನಾಲಿಗೆ ಕಚ್ಚಿಕೊಂಡೆ. ಗಾಸ್ಪರ್ ತಲೆಯೆತ್ತಿದ. ಈ ಸಲ ಕನ್ನಡಿಯಲ್ಲಿ ಅಲ್ಲ, ನೇರವಾಗಿ ನೋಡಿದ. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

"ನಿನಗೆ ಯಾವ ರಾಜನೂ ಹಿಡಿಸಲ್ಲ ಅಂತಾಯ್ತು" ಅಂದ. "ದುವಾರ್ತೆ? ಯಾವಾಗ್ಲೂ ಏನಾದ್ರೊಂದು ಚಿಂತೆ ಹಚ್ಕೊಂಡು ಕೂತಿರ್ತಿದ್ದನಂತೆ. ಥೇಟ್ ನಿನ್ ಹಾಗೆ."

ದುವಾರ್ತೆ. ತಪ್ಪು ಹುಡುಕಲು ತಡಕಾಡಿದೆ. ಅವನು ಗಲ್ಲಕ್ಕೆ ಕೈಕೊಟ್ಟು ಕಾಯುತ್ತಿದ್ದ, ಹುಬ್ಬಿನ ಮೇಲೆ ಒಂದು ಗೆರೆ ಗ್ರೀಸ್ ಇತ್ತು. ನನಗೆ ಒಂದೂ ತಪ್ಪು ಹೊಳೆಯಲಿಲ್ಲ.

"ಚೆನ್ನಾಗಿದೆ" ಅಂದೆ. ನನ್ನ ಬಾಯಿಗೆ ಮಣ್ಣು ಬೀಳ!

ಭಾನುವಾರ ಅಕ್ಕನ ಅಂಗಳದಲ್ಲಿ ಸಾರ್ಡೀನ್ ಮೀನು ಸುಡುತ್ತಿದ್ದರು. ನನ್ನ ಪಾಲಿನದನ್ನು ಪಕ್ಕದವರ ತಟ್ಟೆಗೆ ದಾಟಿಸಿದೆ. ಊಟ ಮುಗಿಯುತ್ತಲೇ ದೋನಾ ಪರ್ಪೆತುವಾ ಮಗುವನ್ನು ತಂದು ಗಾಸ್ಪರನ ತೋಳಿಗಿಟ್ಟು, ನನ್ನನ್ನು ಅವನ ಪಕ್ಕಕ್ಕೆ ಎಳೆದು ನಿಲ್ಲಿಸಿದರು.

"ಹೂಂ, ಹೇಳಪ್ಪ" ಅಂದರು.

ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

"ಬೇಡ!" ಅಂದುಬಿಟ್ಟೆ. "ನಾನು ಧರ್ಮತಾಯಿ ಆಗಲ್ಲ."

ಅಕ್ಕನ ಮುಖ ಬಿಳಿಚಿಕೊಂಡಿತು. "ನನ್ನ ಮಗ ಬೇಡ್ವೇನೇ ನಿನಗೆ? ಏನು ಮಾಡಿದ್ನೇ ಅವನು?" ಅವಳ ಕಣ್ಣಲ್ಲಿ ಆಗಲೇ ನೀರು.

"ಮಗು ಬೇಕು ಅಕ್ಕ. ನನ್ನ ಪ್ರಾಣ ಅವನು."

"ಮತ್ತೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಾಸ್ಪರನೂ. ಅವನ ಮುಖದಲ್ಲಿ ಯಾರೋ ಹೊಡೆದಂಥ ನೋವು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇವನ ಜೊತೆ ನಿಂತ್ರೆ ಇವನನ್ನ ಮದುವೆ ಆಗೋ ಹಾಗಿಲ್ಲ. ಅದಕ್ಕೆ!" ಎಂದು ಕೂಗಿಯೇ ಹೇಳಿದೆ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ಮೂಲೆಯಿಂದ ಚಿಕ್ಕಮ್ಮ ಬಲ್ಬೀನಾ ಎದ್ದು ಬಂದು, ನನ್ನ ಭುಜ ಹಿಡಿದು ಮೆತ್ತಗೆ ಪಕ್ಕಕ್ಕೆ ಸರಿಸಿದಳು.

"ನಾನು ನಿಲ್ತೀನಿ" ಅಂದಳು. "ಇದನ್ನ ಬಾಯಿಬಿಟ್ಟು ಹೇಳೋ ಧೈರ್ಯ ನನಗೆ ಬರ್ಲಿಲ್ಲ. ಇವಳಿಗಾದ್ರೂ ಬಂತಲ್ಲ."

ಅಕ್ಕ ಕಣ್ಣೀರಿನ ನಡುವೆಯೇ ನಕ್ಕು "ಕತ್ತೇ, ಮೊದಲೇ ಹೇಳಬಾರದಿತ್ತಾ" ಎಂದು ನನ್ನ ಬೆನ್ನಿಗೊಂದು ಗುದ್ದಿದಳು.

ಗಾಸ್ಪರ್ ಮಾತ್ರ ಕಂಬದ ಹಾಗೆ ನಿಂತಿದ್ದ. "ಹಂಗಂತ ನನಗೆ ಯಾರೂ ಹೇಳ್ಲೇ ಇಲ್ವಲ್ಲ" ಅಂದ. "ನಾನು ಒಪ್ಪಿದ್ದೇ ನಿನ್ನ ಪಕ್ಕ ನಿಲ್ಲೋಕೆ ಸಿಗುತ್ತೆ ಅಂತ. ನಮ್ಮೂರಲ್ಲಿ ಹೀಗೆ ಜೊತೆಗೆ ನಿಂತೋರನ್ನ ಎಲ್ರೂ ಮದುವೆ ಯಾವಾಗ ಅಂತ ಕೇಳ್ತಾರೆ."

"ಹೆಸರು ಹೇಳಪ್ಪ ಮೊದ್ಲು!" ಎಂದು ದೋನಾ ಪರ್ಪೆತುವಾ ಗದರಿದರು.

"ದುವಾರ್ತೆ" ಅಂದ. ಚಿಕ್ಕಮ್ಮ ಮಗುವಿನ ಹಣೆ ಮುಟ್ಟಿದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದಕ್ಕೆ ದುವಾರ್ತೆ ಬೆಚ್ಚಿ ಅಳತೊಡಗಿದ.

ಆ ಗಲಾಟೆಯಲ್ಲೇ ಗಾಸ್ಪರ್ ನನ್ನತ್ತ ಬಾಗಿದ. "ಆಗ ಏನೋ ಅಂದ್ಯಲ್ಲ, ಇನ್ನೊಂದ್ಸಲ ಹೇಳು."

"ಒಂದ್ಸಲ ಹೇಳೋಷ್ಟರಲ್ಲೇ ಜೀವ ಬಾಯಿಗೆ ಬಂತು. ಈಗ ನೀನು ಹೇಳು."

ಅವನು ಕಿವಿಯವರೆಗೂ ಕೆಂಪಾದ. ಅಳುವ ಮಗುವನ್ನು ಎದೆಗವಚಿಕೊಂಡೇ, ಅಷ್ಟು ಜನರ ಮುಂದೆ, ಅವರ ಬೆಟ್ಟದ ಸೀಮೆಯ ಒರಟು ರಾಗದಲ್ಲಿ, ನನ್ನನ್ನೇ ಮದುವೆಯಾಗುತ್ತೇನೆಂದು ಗಟ್ಟಿಯಾಗಿ ಹೇಳಿದ.