ಸಿಪಿಲೆಯ ಹಣೆಗೆ ಭಂಡಾರ

ಕಂದಲಗಾಂವದ ಕೆರೆಯಲ್ಲೊಂದು ಪುಟ್ಟ ನಡುಗಡ್ಡೆ ಇದೆ. ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವುದು ನನ್ನ ಕೆಲಸ. ಮೊದಲೆಲ್ಲ ತೆಪ್ಪ ನಡೆಸುತ್ತಿದ್ದವನು ನಮ್ಮ ಸಿದ್ರಾಮ ಕಾಕಾ. ಕುರಿ ಕಾಯ್ದು ಬೆಳೆದವನು, ಕುರುಬರ ದೇವರು ಬೀರೋಬಾನ ಭಕ್ತ. ನಾನು ಉಂಗುರ ಹಾಕಿದ ಪ್ರತಿ ಹಕ್ಕಿಯ ಹಣೆಗೂ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ಹಚ್ಚುತ್ತಿದ್ದ.

"ಕಾಕಾ, ಹಕ್ಕಿಗಿ ಅರಿಷಿಣ ಹಚ್ಚಬಾರ್ದು, ಸಾಹೇಬ್ರು ಬೈತಾರ," ಎಂದರೆ ನಗುತ್ತಿದ್ದ.

"ನಿನ್ನ ಉಂಗುರ ಸರಕಾರದ್ದು, ಮನೀಷಾ. ಭಂಡಾರ ಹಚ್ಚಿದ್ರ ದೇವ್ರ ಕುರಿ ಆಗ್ತದ. ತಿರಿಗಿ ಹಟ್ಟಿಗಿ ಬರ್ತದ."

ಕಾಕಾ ತೀರಿಕೊಂಡ ಮೇಲೆ ಮೊದಲ ಸಲ ಹೋದದ್ದು ಕಳೆದ ಜನವರಿಯಲ್ಲಿ. ತೆಪ್ಪ ಅವನ ಮಗ ಯುವರಾಜನದು. ಬೆಳಿಗ್ಗೆ ಮೊದಲು ಸಿಕ್ಕಿದ್ದು ಬಿಳಿ ಹಣೆಯ ಸಿಪಿಲೆ ಹಕ್ಕಿ. ಉಂಗುರ ಹಾಕಿ ಬಿಟ್ಟೆ. ಏನೋ ಮರೆತಂತೆ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ನಡುಹಗಲ ಬಿಸಿಲಿಗೆ ಒದ್ದೆ ಕಂಬಳಿಯ ವಾಸನೆ ಬಂತು. ಆಮೇಲೆ ಬಲೆಯ ಕಡೆಯಿಂದ, ಕುರಿಗಳನ್ನು ಕರೆಯುವಂತೆ, "ಹುರ್ರ್... ಹುರ್ರ್..."

"ಅಪ್ಪಾ ಹಿಂಗ ಕರೀತಿದ್ದ," ಎಂದ ಯುವರಾಜ, ಮೆಲ್ಲಗೆ.

ಬಲೆಯಲ್ಲಿ ಅದೇ ಸಿಪಿಲೆ, ಅದೇ ನಂಬರು. ಅಂಗೈಯಲ್ಲಿ ಬೆಚ್ಚಗಿರಬೇಕಾದ ಹಕ್ಕಿ ಬಾವಿಯ ನೀರಿನಷ್ಟು ತಣ್ಣಗಿತ್ತು. ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು. ಬಿಳಿ ಹಣೆ ಹಳದಿಯಾಗಿತ್ತು. ಮುಟ್ಟಿದರೆ ಬೆರಳಿಗೆ ಭಂಡಾರ ಹತ್ತಿತು.

"ನೀನ ಹಚ್ಚಿದೇನಕ್ಕಾ?"

ನಾನಲ್ಲ. ಭಂಡಾರದ ಚೀಲ ಇದ್ದದ್ದು ಕಾಕಾನ ಹತ್ತಿರ ಒಂದೇ. ಅವನನ್ನು ಮಣ್ಣು ಮಾಡುವಾಗ ಅದನ್ನು ಅವನ ಸೊಂಟಕ್ಕೇ ಕಟ್ಟಿದ್ದೆವು. ಗಂಟು ಹಾಕಿದವಳು ನಾನೇ.